ಪಿಕಪ್ಪಣ್ಣನ ಹಿಂದಿನ ಗಾಜು

ಹೆಂಡತಿ ಫೋನಿನಲ್ಲಿ ಕೇಳಿದ್ದು ಎರಡೇ ಮಾತು. "ನಾಳೆ ಸಂಜೆ ಬಸ್ಸಿಗೆ ಬರ್ತೀನಿ, ಗಾಡಿ ತಗೊಂಡು ಬರ್ತೀರಲ್ವಾ?" ಅಂತ ಒಂದು. ಫೋನ್ ಇಡುವ ಮುಂಚೆ ಸ್ವಲ್ಪ ತಡೆದು, "ರೀ, ಆ ಹಿಂದಿನ ಗಾಜು ಇನ್ನೂ ಸೋರುತ್ತಾ?" ಅಂತ ಇನ್ನೊಂದು. ಮೊದಲನೆಯದನ್ನು ಕೇಳಿ ಅವನಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತು. ಎರಡನೆಯದನ್ನು ಕೇಳಿ ಆ ಮೂರು ಗೇಣು ಮೂರು ಗಾವುದವಾಯಿತು.

ಯಾಕೆಂದರೆ ಗಾಜು ಸೋರುತ್ತಿತ್ತು. ಮನೆ ಸಾಮಾನು ಸಾಗಿಸುವ ಆ ಹಳೇ ಪಿಕಪ್ ಗಾಡಿಯಿಂದಲೇ ಬೀದಿಯವರು ಅವನನ್ನು ಪಿಕಪ್ಪಣ್ಣ ಅನ್ನುತ್ತಿದ್ದರು. ತಂದೆತಾಯಿ ಇಟ್ಟ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಡ್ರೈವರ್ ಸೀಟಿನ ಬೆನ್ನಹಿಂದೆ ಒಂದು ಉದ್ದನೆ ಗಾಜು, ಅದರ ಮೇಲಿನ ಮೂಲೆಯಲ್ಲಿ ಒಂದು ಸಂದು. ಮಳೆ ಬಂದರೆ ನೀರು ಅಲ್ಲಿಂದ ಇಳಿದು, ಬೇರೆಲ್ಲೂ ಜಾಗ ಇಲ್ಲದ ಹಾಗೆ ಸರಿಯಾಗಿ ಹೆಂಡತಿಯ ಕುತ್ತಿಗೆಗೇ ಬೀಳುತ್ತಿತ್ತು. "ಥೂ, ಇದೂ ಒಂದು ಗಾಡಿನಾ! ಇದಕ್ಕಿಂತ ಕೊಡೆ ಹಿಡ್ಕೊಂಡು ನಡ್ಕೊಂಡು ಹೋದ್ರೆ ವಾಸಿ!" ಎಂದು ಸೆರಗು ಕೊಡವುತ್ತಾ ಅವಳು ಅವನ ಕಡೆಗೆ ಸರಿಯುತ್ತಿದ್ದಳು. ಆಮೇಲೆ ಗೇರು ಮೊಣಕಾಲಿಗೆ ಬಡಿಯಿತು ಅಂತ ಇನ್ನೊಂದು ಸುತ್ತು ಬೈಗುಳ.

ಆ ಬೈಗುಳ ಕಿವಿಗೆ ಬಿದ್ದು ಎರಡು ತಿಂಗಳಾಗಿತ್ತು. ಅವಳ ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು, ಇವಳು ನೋಡಿಕೊಳ್ಳಲು ಹೋದವಳು ಅಲ್ಲೇ ಉಳಿದಳು. ಇಲ್ಲಿ ಪಿಕಪ್ಪಣ್ಣ ದಿನಾ ಬೆಳಗ್ಗೆ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಆಮೇಲೆ ನೆನಪಾಗಿ ಎರಡನ್ನೂ ತಾನೇ ಕುಡಿಯುತ್ತಿದ್ದ. ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆದು, ಯಾರಾದರೂ ಬೈಯಲಿ ಅಂತ ಒಂದು ಗಳಿಗೆ ಕಾದು, ತಾನೇ ಹೋಗಿ ಒಣಹಾಕುತ್ತಿದ್ದ. ಗಾಡಿಯಲ್ಲಿ ಅವಳ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ. ಅವಳು ಇಲ್ಲದೆ ಅವನಿಗೆ ಏನೂ ಬೇಡವಾಗಿತ್ತು.

'ಗಾಜು ಇನ್ನೂ ಸೋರುತ್ತೆ ಅಂತ ಗೊತ್ತಾದ್ರೆ, ನನ್ನ ಮಾತಿಗೆ ಇಷ್ಟೇನಾ ಬೆಲೆ ಅಂತ ಬಂದ ಬಸ್ಸಲ್ಲೇ ಅಕ್ಕನ ಮನೆಗೆ ವಾಪಸ್ ಹೋಗ್ಬಿಟ್ರೆ?' ಈ ಯೋಚನೆಯಲ್ಲಿ ಬೆಳಗ್ಗೆ ಎದ್ದವನೇ ಗಾಡಿ ಮುಂದೆ ನಿಂತ. ಆಕಾಶದಲ್ಲಿ ಮೋಡ ಕಟ್ಟಿತ್ತು.

ಗಂಡಸು ಬೀದಿಯಲ್ಲಿ ಗಾಡಿ ನೋಡುತ್ತಾ ತಲೆ ಕೆರೆದುಕೊಂಡರೆ ಸಾಕು, ಸಲಹೆಗಳಿಗೆ ಕಾಲು ಬರುತ್ತದೆ. ಮೊದಲು ಬಂದಿದ್ದು ಎದುರುಮನೆ ದೊಡ್ಡಮ್ಮ. ಯಾರ ಮನೆಯ ದೋಸೆ ತೂತಾದರೂ ಆಕೆಗೆ ಮೊದಲು ಗೊತ್ತಾಗುತ್ತಿತ್ತು.

"ಏನೋ ಮಗಾ, ಹೆಂಡ್ತಿ ಬರ್ತಾಳಂತೆ?"

"ಹೂಂ ದೊಡ್ಡಮ್ಮ. ಅಷ್ಟರಲ್ಲಿ ಈ ಸೋರಿಕೆ ನಿಲ್ಲಿಸ್ಬೇಕು."

"ಅಷ್ಟೇನಾ! ಬಟ್ಟೆ ಸೋಪು ತಾ. ನಮ್ಮನೆ ಬಿಂದಿಗೆ ತೂತಿಗೆ ನಾನು ಸೋಪು ಮೆತ್ತಿಯೇ ಒಂದು ವರ್ಷ ತಳ್ಳಿದೀನಿ."

"ಹಾಗಾದ್ರೆ ಸಂಜೆ ನೀವೂ ಬನ್ನಿ ಬಸ್ ಸ್ಟ್ಯಾಂಡಿಗೆ, ಗಾಡೀಲೇ ಹೋಗೋಣ."

"ಅಯ್ಯಪ್ಪಾ, ನಿನ್ನ ಸೋರೋ ಗಾಡಿ ಸಹವಾಸ ಬೇಡ! ಹೋದ ಸಲ ಹತ್ತಿ ಒಂದು ವಾರ ಸೀನಿದೀನಿ," ಎಂದು ದೊಡ್ಡಮ್ಮ ಕೈ ಮುಗಿದಳು.

ಸೋಪು ಮೆತ್ತಿದರು. ಪರೀಕ್ಷೆಗೆ ಒಂದು ಬಕೆಟ್ ನೀರು ಎರಚಿದರು. ನೀರೂ ಒಳಗೆ ಬಂತು, ಜೊತೆಗೆ ನೊರೆಯೂ ಬಂತು. ಹೆಂಡತಿ ಕೂರುವ ಸೀಟು ಗುಳುಗುಳು ಅಂತ ನೊರೆ ಉಗುಳತೊಡಗಿತು. ಒತ್ತಿದಷ್ಟೂ ನೊರೆ.

"ಸೀಟಾದ್ರೂ ಶುದ್ಧವಾಯ್ತು ಬಿಡು," ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ನಲ್ಲಿ ಮೇಷ್ಟ್ರು ಬಂದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲೆ ಬೀದಿಯವರಿಗೆಲ್ಲ ಸೋರಿಕೆಯ ವಿಷಯದಲ್ಲಿ ಪಾಠ ಹೇಳುತ್ತಿದ್ದರು. ಅವರ ಮನೆ ನಲ್ಲಿ ಮಾತ್ರ ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತ ಬೀದಿಯವರು ಸುಮ್ಮನಿದ್ದರು.

"ಸೋಪು ಹಚ್ಚಿದ ಮಹಾನುಭಾವರು ಯಾರಪ್ಪ? ಮೊದಲು ನೀರು ಎಲ್ಲಿಂದ ಬರುತ್ತೆ ಅಂತ ಹಿಡೀಬೇಕು. ನೀನು ಒಳಗೆ ಕೂತ್ಕೋ. ಬಾಗಿಲು ಹಾಕ್ಕೋ. ಗಾಜಿಗೆ ಮುಖ ಇಟ್ಟು ನೋಡ್ತಿರು. ನಾನು ಹೊರಗಿಂದ ಪೈಪ್ ಬಿಡ್ತೀನಿ," ಎಂದರು ಮೇಷ್ಟ್ರು.

ಪಿಕಪ್ಪಣ್ಣ ಸೀಟಿನ ಮೇಲೆ ಮಂಡಿಯೂರಿ ಗಾಜಿಗೆ ಮೂಗು ಒತ್ತಿ ಕೂತ. ಮೇಷ್ಟ್ರು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಬಿಟ್ಟರು. ಸಂದಿನಿಂದ ನೀರು ಚಿಮ್ಮಿ ಅವನ ಬಾಯಿಗೇ ನುಗ್ಗಿತು.

"ಬಂತಾ?" ಎಂದು ಮೇಷ್ಟ್ರು ಹೊರಗಿಂದ ಕೂಗಿದರು.

ಅವನು ಬಾಯಲ್ಲಿ ನೀರು ತುಂಬಿಕೊಂಡು ಎರಡೂ ಕೈ ಆಡಿಸಿದ. ಇನ್ನೂ ಬಂದಿಲ್ಲ ಅಂತಿದ್ದಾನೆ ಅಂದುಕೊಂಡು ಮೇಷ್ಟ್ರು ನಲ್ಲಿ ಇನ್ನಷ್ಟು ತಿರುಗಿಸಿದರು. ಅವನು ಬಾಗಿಲು ತೆಗೆದು ಇಳಿದಾಗ ಅವನ ಜೊತೆ ಒಂದು ಕೊಡ ನೀರೂ ಇಳಿಯಿತು.

"ಗೊತ್ತಾಯ್ತು ಬಿಡು. ರಬ್ಬರು ಒಣಗಿ ಕುಗ್ಗಿಬಿಟ್ಟಿದೆ," ಎನ್ನುತ್ತಾ ಮೇಷ್ಟ್ರು ಸ್ಕ್ರೂಡ್ರೈವರ್ ತೂರಿಸಿ ಗಾಜಿನ ಸುತ್ತಲ ರಬ್ಬರು ಎಳೆದರು. ಅದು ಹಾವಿನ ಪೊರೆಯ ಹಾಗೆ ಪೂರ್ತಿ ಕೈಗೆ ಬಂತು. ಅದರ ಹಿಂದೆಯೇ ಗಾಜೂ ಅಲ್ಲಾಡಿತು.

"ಅಯ್ಯೋ, ಗಾಜು!"

"ಹಿಡ್ಕೋ ಹಿಡ್ಕೋ! ಬಿಡಬೇಡ! ಮನೇಲಿ ನೀರಿನ ಟ್ಯಾಂಕಿಗೆ ಹಚ್ಚೋ ಕರಿ ಅಂಟಿದೆ, ಹುಡುಕಿ ತರ್ತೀನಿ."

ಮೇಷ್ಟ್ರು ಹೋದವರು ಹೋದರು. ಪಿಕಪ್ಪಣ್ಣ ಒದ್ದೆ ಬಟ್ಟೆಯಲ್ಲಿ, ಗಾಜನ್ನು ಎದೆಗೆ ಅವಚಿಕೊಂಡು ಗಾಡಿ ಹಿಂದೆ ನಿಂತ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವಳದೇ. ಆ ಗಂಟೆಯನ್ನು ಅವಳಿಗೆಂದೇ ಬೇರೆ ಇಟ್ಟಿದ್ದ. ಇಷ್ಟು ದಿನ ಆ ಗಂಟೆಗೋಸ್ಕರ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದವನು, ಈಗ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ಒದ್ದಾಡಿದ. ದೊಡ್ಡಮ್ಮ ಫೋನು ಎಳೆದುಕೊಂಡು ಕಿವಿಗೆ ಇಟ್ಟಳು.

"ಅವನಾ? ಗಾಜು ತಬ್ಕೊಂಡು ನಿಂತಿದಾನೆ ತಾಯಿ... ಏನು? ಸೋರುತ್ತಾ ಅಂತನಾ? ನೀನು ಬಂದ್ಮೇಲೆ ಒಂದು ಹನಿ ಒಳಗೆ ಬಂದ್ರೆ ನನ್ನನ್ನ ಕೇಳು!"

ಆ ಕಡೆಯಿಂದ ಫೋನ್ ಟಕ್ಕನೆ ಕಟ್ಟಾಯಿತು.

"ಖುಷಿಯಾಗಿ ಮಾತೇ ಹೊರಡಲಿಲ್ಲ ಪಾಪ," ಎಂದಳು ದೊಡ್ಡಮ್ಮ. ಪಿಕಪ್ಪಣ್ಣನ ಎದೆ ಉಬ್ಬಿ, ಗಾಜು ಜಾರುವುದರಲ್ಲಿತ್ತು.

ಕರಿ ಅಂಟು ಬಂತು. ಮೇಷ್ಟ್ರು ಗಾಜನ್ನು ಕೂರಿಸಿ, ಡಬ್ಬಿ ಪೂರ್ತಿ ಬಳಿದರು. ಅಂಟು ಗಾಜಿಗೆ ಹತ್ತಿತು, ಗಾಡಿಗೆ ಹತ್ತಿತು, ಪಿಕಪ್ಪಣ್ಣನ ಕೆನ್ನೆಗೂ ಹತ್ತಿತು. ಅವನ ಅಂಗಿ ಎಷ್ಟು ಚೆನ್ನಾಗಿ ಅಂಟಿಕೊಂಡಿತೆಂದರೆ, ಕೊನೆಗೆ ಕತ್ತರಿ ತಂದು ಅವನನ್ನು ಗಾಡಿಯಿಂದ ಬಿಡಿಸಬೇಕಾಯಿತು. ಅಂಗಿಯ ಚೂರು ಅಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಅಂಟು ಕಲ್ಲಾಯಿತು. ಪೈಪು ಬಿಟ್ಟು ನೋಡಿದರೆ ಒಂದು ಹನಿ ಇಲ್ಲ.

"ಓಡೋ ಗಾಡೀಲಿ, ಸುರಿಯೋ ಮಳೇಲಿ ಒಂದ್ಸಲ ನೋಡ್ಬೇಕು," ಎಂದರು ಮೇಷ್ಟ್ರು, ಕೈ ಉಜ್ಜಿಕೊಳ್ಳುತ್ತಾ.

ಪಿಕಪ್ಪಣ್ಣ ಫ್ಯಾನ್ ಇಟ್ಟು ಸೀಟು ಒಣಗಿಸಿದ. ಅವಳಿಗೆ ಇಷ್ಟವಾದ ನೀಲಿ ಹೊದಿಕೆಯನ್ನು ಮಡಚಿ ಹಾಸಿದ. ಬಸ್ಸು ಬರುವುದಕ್ಕೆ ಎಷ್ಟೋ ಮೊದಲೇ ಹೋಗಿ ಕಾದ.

ಅವಳು ಇಳಿದಳು. ಸ್ವಲ್ಪ ಸೊರಗಿದ್ದಳು. ಏನೇನೋ ಹೇಳಬೇಕು ಅಂದುಕೊಂಡಿದ್ದವನು "ಬಂದ್ಯಾ?" ಅಂದ. ಅವಳು "ಹೂಂ" ಅಂದಳು. ಆಮೇಲೆ "ಏನ್ರೀ ಇದು ಮುಖದ ಮೇಲೆ ಮಸಿ?" ಎಂದು ಸೆರಗಿನ ತುದಿಯಿಂದ ಅವನ ಕೆನ್ನೆ ಉಜ್ಜಿದಳು. ಮಸಿ ಹೋಗಲಿಲ್ಲ. ಹೋಗದಿದ್ದರೆ ಒಳ್ಳೆಯದು, ಇನ್ನೂ ಸ್ವಲ್ಪ ಉಜ್ಜಲಿ ಅನ್ನಿಸಿತು ಅವನಿಗೆ.

ಗಾಡಿ ಹೊರಟು ಮಾರ್ಕೆಟ್ ಬೀದಿಗೆ ಬರುತ್ತಿದ್ದ ಹಾಗೆ ಮಳೆ ಧೋ ಅಂತ ಸುರಿಯಿತು. ಅವಳು ತಿರುಗಿ ಗಾಜಿನ ಮೂಲೆ ನೋಡಿದಳು. ಅದರ ಕೆಳಗೆ ಅಂಗೈ ಒಡ್ಡಿದಳು. ಏನೂ ಬೀಳಲಿಲ್ಲ.

"ಎಲ್ರೀ?"

"ಏನು?"

"ಹನಿ."

"ಅದರ ಕತೆ ಮುಗೀತು!" ಎಂದ ಅವನು ಮೀಸೆ ತಿರುವುತ್ತಾ.

ಅವಳು ಬ್ಯಾಗನ್ನು ಇಬ್ಬರ ನಡುವೆ ಇಟ್ಟು, ಬಾಗಿಲ ಮೂಲೆಗೆ ಒರಗಿ ಕೂತಳು. ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ.

"ಖುಷಿಯಾಗಲಿಲ್ವೇನೇ?"

"ಅಲ್ರೀ, ನಿಮಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಬೀದೀಲಿ, ಇಷ್ಟು ಜನರ ಎದುರಿಗೆ, ಈ ವಯಸ್ಸಲ್ಲಿ ಗಂಡನ ಭುಜಕ್ಕೆ ಒರಗಿ ಕೂತ್ರೆ ಏನಂತಾರೆ? ಗಾಜು ಸೋರಿದ್ರೆ, ಪಾಪ ಸೋರುತ್ತೆ ಅದಕ್ಕೆ ಸರಿದಿದಾಳೆ ಅಂತಾರೆ. ಬಸ್ಸಲ್ಲಿ ದಾರಿಯುದ್ದಕ್ಕೂ ಮಳೆ ಬರ್ಲಿ, ಮಳೆ ಬರ್ಲಿ ಅಂತ ಬೇಡ್ಕೊಂಡು ಬಂದೆ!"

ಪಿಕಪ್ಪಣ್ಣ ಗಾಡಿಯನ್ನು ಗಕ್ಕನೆ ಪಕ್ಕಕ್ಕೆ ನಿಲ್ಲಿಸಿದ. ಸೀಟಿನ ಕೆಳಗಿಂದ ಸ್ಕ್ರೂಡ್ರೈವರ್ ತೆಗೆದು ಮೂಲೆಯ ಅಂಟನ್ನು ಕೆರೆದ, ತಿವಿದ, ಹಲ್ಲು ಕಚ್ಚಿ ಮೀಟಿದ. ಸ್ಕ್ರೂಡ್ರೈವರಿನ ತುದಿ ಮುರಿಯಿತು. ಅಂಟಿಗೆ ಗೀರೂ ಬೀಳಲಿಲ್ಲ. ಅವನ ಪೆಚ್ಚು ಮೋರೆ ನೋಡಿ ಅವಳಿಗೆ ಅಳುವಿನಲ್ಲೂ ನಗು ಬಂತು.

"ಬಿಡ್ರೀ ಸಾಕು. ಸೋರುತ್ತೆ ಅಂತಲೇ ಅಂದ್ಕೊಳ್ಳೋಣ," ಎನ್ನುತ್ತಾ ಬ್ಯಾಗನ್ನು ಎತ್ತಿ ಕಾಲ ಬಳಿ ಇಟ್ಟಳು. ಅವನ ಕಡೆಗೆ ಇನ್ನೇನು ಸರಿಯಬೇಕು, ಬಾಗಿಲನ್ನು ಯಾರೋ ದಡದಡ ಬಡಿದರು.

ಒಂದೇ ಕೊಡೆಯ ಕೆಳಗೆ ದೊಡ್ಡಮ್ಮ, ನಲ್ಲಿ ಮೇಷ್ಟ್ರು! ಒಬ್ಬರು ತರಕಾರಿಗೆ ಬಂದು ಮಳೆಗೆ ಸಿಕ್ಕಿದವರು, ಇನ್ನೊಬ್ಬರು ಗಾಜಿನ ಪರೀಕ್ಷೆಗೆಂದು ಮಳೆಗೇ ಕಾಯುತ್ತಿದ್ದವರು.

"ನಮಗೋಸ್ಕರ ನಿಲ್ಲಿಸಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ!" ದೊಡ್ಡಮ್ಮ ತನ್ನ ತುಂಬು ಮೈಯನ್ನೂ ತರಕಾರಿ ಚೀಲವನ್ನೂ ಹೊತ್ತು ಹತ್ತಿಯೇಬಿಟ್ಟಳು. ಹೆಂಡತಿಯನ್ನು ದಾಟಿ ನಡುವೆ ಬಂದು, ಗಂಡಹೆಂಡಿರ ಮಧ್ಯೆ ಗಟ್ಟಿಯಾಗಿ ಕೂತಳು. "ನೀನು ಕಿಟಕಿ ಪಕ್ಕ ಆರಾಮಾಗಿ ಒರಗಿಕೋ ತಾಯಿ, ದಣಿದು ಬಂದಿದೀಯ. ಗಾಡಿ ಸೋರಲ್ಲ ಅಂದ್ಮೇಲೆ ಇನ್ನೇನು, ಇನ್ಮೇಲೆ ಮಾರ್ಕೆಟ್ಟಿಗೆ ದಿನಾ ನಿಮ್ ಜೊತೆಗೇ ಬರ್ತೀನಿ."

ಮೇಷ್ಟ್ರು ಹಿಂದೆ ಸಾಮಾನು ಹೇರುವ ಜಾಗಕ್ಕೆ ಹತ್ತಿದರು. ಕೊಡೆ ಹಿಡಿದು ಕುಕ್ಕರಗಾಲಲ್ಲಿ ಕೂತು, ಆ ಗಾಜಿಗೆ ಹೊರಗಿನಿಂದ ಮುಖ ಒತ್ತಿ ಒಳಗೆ ಇಣುಕಿದರು. ಒಣಗಿದ ಮೂಲೆ ನೋಡಿ ಅವರ ಮುಖ ಊರಗಲ ಆಯಿತು.

"ಹತ್ತು ವರ್ಷ!" ಎಂದು ಗಾಜು ಬಡಿದು ಕೂಗಿದರು. "ಹತ್ತು ವರ್ಷ ಗ್ಯಾರಂಟಿ ಕಣಪ್ಪಾ!"

ಪಿಕಪ್ಪಣ್ಣ ಗೇರು ಹಾಕಿದ. ಅದು ದೊಡ್ಡಮ್ಮನ ಮೊಣಕಾಲಿಗೆ ಬಡಿಯಿತು. ದೊಡ್ಡಮ್ಮನ ಭುಜದ ಆಚೆ ಹೆಂಡತಿ ಅವನನ್ನು ನೋಡಿದಳು. ಆಮೇಲೆ ಮೆಲ್ಲಗೆ, ಆಸೆ ಬಿಡಲಾರದವಳಂತೆ, ಇನ್ನೊಂದು ಸಲ ಆ ಮೂಲೆಯ ಕೆಳಗೆ ಅಂಗೈ ಒಡ್ಡಿದಳು.

ಒಂದು ಹನಿಯೂ ಬೀಳಲಿಲ್ಲ.