ಹನ್ನೆರಡನೆಯ ಅಧ್ಯಾಯವನ್ನು ವಾಪಸು ತೆಗೆದುಕೊಳ್ಳುವ ಕುರಿತು

ಪ್ರಖ್ಯಾತ ಕಾದಂಬರಿಕಾರರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಲೇಖನಿ ಕ್ಷೇಮವಾಗಿದೆಯೆಂದು ನಂಬಿದ್ದೇನೆ. ಅದರ ದೆಸೆಯಿಂದ ಇಲ್ಲಿ ಯಾರೂ ಅಷ್ಟೇನೂ ಕ್ಷೇಮವಾಗಿಲ್ಲ. ನಾನೊಂದು ಶಾಖಾ ಗ್ರಂಥಾಲಯದ ಗ್ರಂಥಪಾಲಕಿ. ಒಂದು ಮುಷ್ಕರ, ಎರಡು ಪಕ್ಷ ಮತ್ತು ಒಂದು ಹೆಣವನ್ನು ಕುರಿತ ತಮ್ಮ ನಾನೂರ ಹನ್ನೆರಡು ಪುಟಗಳ ಪತ್ತೇದಾರಿ ಕಾದಂಬರಿಯು ಪತ್ತೇದಾರಿಯಾಗಿದ್ದೂ ಸಾಹಿತ್ಯವಾಗಿದೆ ಎಂದು ಪತ್ರಿಕೆಗಳು ಹೊಗಳಿದ್ದನ್ನು ನಂಬಿ, ನಮ್ಮ ಭಾನುವಾರದ ಓದುಗರ ಬಳಗಕ್ಕೆ ಅದನ್ನು ಆರಿಸಿದವಳು ನಾನೇ ಆದ್ದರಿಂದ, ಈ ದೂರಿನ ಮೊದಲ ಆರೋಪಿ ನಾನೇ ಎಂದು ವಿನಯದಿಂದ ಒಪ್ಪಿಕೊಳ್ಳುತ್ತೇನೆ.

ಓದುಗರ ಅಭಿಪ್ರಾಯಗಳನ್ನು ತಿಳಿಯುವ ಕುತೂಹಲ ತಮಗಿದ್ದೇ ಇರುತ್ತದೆ. ಆಳುವ ಪಕ್ಷದ ಅಭಿಮಾನಿಯಾದ ದರ್ಜಿಯವರು ತಾವು ವಿರೋಧ ಪಕ್ಷಕ್ಕೆ ಮಾರಾಟವಾಗಿದ್ದೀರಿ ಎಂದರು. ವಿರೋಧ ಪಕ್ಷದ ಅಭಿಮಾನಿಯಾದ ಔಷಧಿ ಅಂಗಡಿಯವರು ತಾವು ಆಳುವ ಪಕ್ಷದ ಋಣದಲ್ಲಿದ್ದೀರಿ ಎಂದರು. ಇಬ್ಬರೂ ಸಾಕ್ಷಿಗೆಂದು ತೆರೆದದ್ದು ಇನ್ನೂರ ಎಂಟನೆಯ ಪುಟವನ್ನೇ. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, "ಹನ್ನೊಂದು ಪುಟ ಬರೀ ಮಂಜು ಬಿದ್ದಿದೆ, ಅಷ್ಟರಲ್ಲಿ ಹೆಣಕ್ಕೂ ನೆಗಡಿ ಆಗಿರುತ್ತೆ" ಎಂದು ಹೇಳಿ, ಎರಡು ಸಲ ಓದಿದೆನೆಂದೂ ಸಣ್ಣ ದನಿಯಲ್ಲಿ ಸೇರಿಸಿದರು. ಇಷ್ಟಾಗಿದ್ದರೆ ನಾನು ತಮಗೆ ಅಭಿನಂದನಾ ಪತ್ರವನ್ನೇ ಬರೆಯುತ್ತಿದ್ದೆ.

ಬಳಗದಲ್ಲಿ ನನ್ನ ಅಕ್ಕ ಮತ್ತು ಭಾವ ಕೂಡ ಇದ್ದಾರೆ. ಅಕ್ಕ ಸರ್ಕಾರಿ ಆಸ್ಪತ್ರೆಯ ನರ್ಸ್ ಆಗಿದ್ದವಳು; ಭಾವ ಪೇದೆಯಾಗಿ ಸೇರಿ ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮೂವತ್ತೊಂದು ವರ್ಷದ ಹಿಂದೆ, ಅವರ ಮದುವೆಯಾದ ಎರಡನೆಯ ವರ್ಷ, ಇಲ್ಲಿನ ಬಟ್ಟೆ ಗಿರಣಿಯಲ್ಲೂ ಮುಷ್ಕರವಾಗಿತ್ತು. ಮಧ್ಯಾಹ್ನ ಹೊಟ್ಟೆಗೆ ಗುಂಡು ಬಿದ್ದ ಕಾರ್ಮಿಕನೊಬ್ಬನನ್ನು ಅಕ್ಕನ ವಾರ್ಡಿಗೆ ತಂದರು, ಸಂಜೆಗೆ ಅವನು ತೀರಿಕೊಂಡ. ವಾರ್ಡಿನ ರಿಜಿಸ್ಟರಿನಲ್ಲಿ ಅಕ್ಕ 'ಗುಂಡೇಟು' ಎಂದು ಬರೆದಿದ್ದಳು. ಮಾರನೆಯ ದಿನ ಅದೇ ಜಾಗದಲ್ಲಿ, ಅವಳದೇ ದುಂಡು ಅಕ್ಷರದಲ್ಲಿ, 'ಕುಡಿದು ಮೆಟ್ಟಿಲಿನಿಂದ ಬಿದ್ದು' ಎಂದಿತ್ತು. ತಾನು ಹಾಗೆ ಬರೆದಿಲ್ಲವೆಂದು ಅವಳು ಎಷ್ಟು ಹೇಳಿದರೂ ಅವಳ ಅಕ್ಷರವೇ ಅವಳಿಗೆ ಎದುರು ಸಾಕ್ಷಿಯಾಯಿತು. ಆರು ವರ್ಷ ದೂರದ ಊರಿಗೆ ವರ್ಗ ಮಾಡಿದರು. ಭಾವ ಪ್ರತಿ ಶನಿವಾರ ಬಸ್ಸು ಹಿಡಿದು ಹೋಗಿ, "ಯಾವ ಪಾಪಿ ಮಾಡಿದನೋ" ಎಂದು ಸಮಾಧಾನ ಹೇಳಿ ಬರುತ್ತಿದ್ದರು.

ಇನ್ನು ತಮ್ಮ ಹನ್ನೆರಡನೆಯ ಅಧ್ಯಾಯಕ್ಕೆ ಬರುತ್ತೇನೆ. ಅದರಲ್ಲಿ ಪೇದೆಯೊಬ್ಬ ಆಸ್ಪತ್ರೆಯ ರಿಜಿಸ್ಟರಿನಿಂದ ಒಂದು ಹಾಳೆಯನ್ನು ಒಂದೇ ಎಳೆತಕ್ಕೆ ಕಿತ್ತು ಟೋಪಿಯೊಳಗೆ ಇಟ್ಟುಕೊಳ್ಳುತ್ತಾನೆ. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರಿಲ್ಲ. ಆ ಭಾನುವಾರ ತಮ್ಮ ಕಾದಂಬರಿಯ ತಪ್ಪುಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ಅವರು, ಜೀಪಿನ ಬಣ್ಣ, ಬೆಲ್ಟಿನ ಬಿಲ್ಲೆ ಎಲ್ಲ ಮುಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಇದಂತೂ ಶುದ್ಧ ಸುಳ್ಳು. ರಿಜಿಸ್ಟರಿನ ಹಾಳೆ ಹಾಗೆಲ್ಲ ಕಿತ್ತು ಬರಲ್ಲ. ಕಿತ್ತರೆ ಹೊಲಿಗೆಯ ಆ ಕಡೆ ಇರೋ ಜೋಡಿ ಹಾಳೆಯೂ ಸಡಿಲ ಆಗಿ ಸಿಕ್ಕಿಬೀಳ್ತಾರೆ. ಸೂಜಿಯಿಂದ ಹೊಲಿಗೆ ಬಿಚ್ಚಿ, ಎರಡೂ ಹಾಳೆ ತೆಗೆದು, ಎರಡನ್ನೂ ಹೊಸದಾಗಿ ಬರೆದು, ಮತ್ತೆ ಹೊಲಿಬೇಕು. ಮೂರು ಗಂಟೆ ಕೆಲಸ ಅದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯನ್ನು ಕೇಳಿದ್ದೆ. ಇವರು ಕುಂಬಳಕಾಯಿಯ ತೂಕವನ್ನೂ ಹೇಳಿದರು. ದರ್ಜಿ ಮತ್ತು ಔಷಧಿ ಅಂಗಡಿಯವರು ಮೊದಲ ಬಾರಿಗೆ ಒಂದೇ ದಿಕ್ಕಿಗೆ ನೋಡಿದರು. ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಅಕ್ಷರ ಯಾರು ಬರೆದದ್ದು?"

ಭಾವ ಚೀಟಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ನಾನೇ. ಮದುವೆಗೆ ಮುಂಚೆ ನೀನು ಬರೆದ ಕಾಗದ ಎಲ್ಲ ನನ್ನ ಹತ್ತಿರ ಇತ್ತಲ್ಲ. ನೋಡಿ ನೋಡಿ ಕೈಗೆ ಬಂದಿತ್ತು. ನಾನು ಬರೆಯದೇ ಹೋದರೆ ನಿನ್ನ ಮೇಲೇ ಕೇಸು ಹಾಕ್ತೀವಿ ಅಂತ ಮೇಲಿನ ಸಾಹೇಬರು ಅಂದಿದ್ರು."

"ಅದನ್ನ ನನ್ನನ್ನ ಕೇಳಬೇಕಿತ್ತು" ಎಂದಳು ಅಕ್ಕ. ಅಂದಿನಿಂದ ಅವಳು ಗ್ರಂಥಾಲಯದ ಮೇಲಿನ ನನ್ನ ಒಂಟಿ ಕೋಣೆಯಲ್ಲಿ, ನನ್ನ ಹಾಸಿಗೆಯಲ್ಲಿ ಮಲಗುತ್ತಾಳೆ. ನಾನು ಚಾಪೆಯ ಮೇಲೆ.

ಭಾವ ದಿನವೂ ಬೆಳಿಗ್ಗೆ ಗ್ರಂಥಾಲಯಕ್ಕೆ ಬಂದು, ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕೂತಿರುತ್ತಿದ್ದರು. ಹನ್ನೊಂದನೆಯ ದಿನ ನನ್ನಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು, ತಾವು ಅಂದು ಬಿಚ್ಚಿ ತೆಗೆದ ಹಾಳೆಯಲ್ಲಿದ್ದುದನ್ನು, ಗಂಟೆ, ಗಾಯ, ಗುಂಡು ಹೊಕ್ಕ ಜಾಗ ಸಮೇತ, ಈ ಬಾರಿ ಸ್ವಂತ ಅಕ್ಷರದಲ್ಲಿ ಬರೆದು, ಯಾರು ಬರೆಸಿದರೆಂಬುದನ್ನೂ ಸೇರಿಸಿ ಸಹಿ ಹಾಕಿದರು. ಅಕ್ಕ ಓದಿ, 'ಎಡ' ಎಂಬುದನ್ನು ಹೊಡೆದು 'ಬಲ' ಎಂದು ತಿದ್ದಿ, ಚಪ್ಪಲಿ ಮೆಟ್ಟಿಕೊಂಡಳು.

ಆ ಕಾರ್ಮಿಕನ ಹೆಂಡತಿ ಗಿರಣಿಯ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾರೆ. ಗ್ರಂಥಾಲಯಕ್ಕೆ ಬೀಗ ಹಾಕಿ ನಾನೂ ಹೋದೆ. ಆಕೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎಲ್ಲ ಕೇಳಿಸಿಕೊಂಡು, "ಅವರು ಕುಡೀತಿರಲಿಲ್ಲ ಅಂತ ನನಗೆ ಗೊತ್ತು. ಜೋರಾಗಿ ಓದಿ, ಪಕ್ಕದ ಅಂಗಡಿಯವರಿಗೂ ಕೇಳಲಿ" ಎಂದರು. ಭಾವ ನಿಂತುಕೊಂಡು ಓದಿದರು. ನಾಲ್ಕನೆಯ ಸಾಲಿಗೆ ಹಾಳೆಯನ್ನು ಅಕ್ಕನ ಕೈಗಿತ್ತರು. ಉಳಿದದ್ದನ್ನು ಅಕ್ಕ ಓದಿದಳು. ಬೀದಿಯಲ್ಲಿ ಐದಾರು ಜನ ನಿಂತಿದ್ದರು. ಆಕೆ, "ಇನ್ನೊಂದು ಸಲ" ಎಂದರು.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಇಷ್ಟೇ: ಹನ್ನೆರಡನೆಯ ಅಧ್ಯಾಯವನ್ನು ಈಗಾಗಲೇ ಓದಿದವರ ತಲೆಯಿಂದ ತಮ್ಮ ಖರ್ಚಿನಲ್ಲಿ ವಾಪಸು ತೆಗೆದುಕೊಳ್ಳಬೇಕು, ಅದು ಸಾಧ್ಯವಿಲ್ಲವಾದರೆ ಮೂವತ್ತೊಂದು ವರ್ಷ ಮುಂಚೆಯೇ ಅದನ್ನು ಪ್ರಕಟಿಸಬೇಕು, ಅದೂ ಆಗದಿದ್ದರೆ ನಮ್ಮ ಅಕ್ಕ ಯಾವತ್ತು ಮನೆಗೆ ಮರಳುತ್ತಾಳೆಂದಾದರೂ ತಿಳಿಸಬೇಕು. ಭಾವ ಕೇಳಿದಾಗ ಅವಳು, "ಗೊತ್ತಿಲ್ಲ. ಸುಳ್ಳು ಹೇಳಲಾರೆ" ಎಂದಳು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗ್ರಂಥಪಾಲಕಿ

ಮರೆತ ಮಾತು: ತಮ್ಮ ಮುಂದಿನ ಕಾದಂಬರಿ ನ್ಯಾಯಾಲಯವನ್ನು ಕುರಿತದ್ದೆಂದು ಓದಿ ಸಂತೋಷವಾಯಿತು. ನಮ್ಮ ಬಳಗಕ್ಕೆ ಮೊನ್ನೆಯಷ್ಟೇ ನಿವೃತ್ತ ನ್ಯಾಯಾಧೀಶರೊಬ್ಬರು ಸೇರಿದ್ದಾರೆ. ಸಣ್ಣಪುಟ್ಟ ತಪ್ಪುಗಳನ್ನು ದಯವಿಟ್ಟು ಧಾರಾಳವಾಗಿ ಮಾಡಿ. ತಿದ್ದಲು ಅವರು ತುದಿಗಾಲಲ್ಲಿ ನಿಂತಿದ್ದಾರೆ.