ಹಾಲಿನ ಬಾಟಲಿ ಕಳ್ಳ

ಕಳ್ಳನೆಂದು ಕರೆಸಿಕೊಳ್ಳುವುದಕ್ಕೂ ಮನುಷ್ಯ ಒಗ್ಗಿಹೋಗುತ್ತಾನೆ. ಮೊದಮೊದಲು ಮೈಯೆಲ್ಲ ಉರಿಯುತ್ತದೆ; ಆಮೇಲಾಮೇಲೆ ಒಂದು ದಿನ ಯಾರೂ ಕರೆಯದಿದ್ದರೆ ಎಲ್ಲೋ ಏನೋ ತಪ್ಪಿದೆ ಅನ್ನಿಸತೊಡಗುತ್ತದೆ. ಗೋರೆಗಾಂವ್‌ನ ನಮ್ಮ ಚಾಳಿನಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವರು ಪಕ್ಕದ ಖೋಲಿಯ ಪದ್ಮಾವತಿಯಮ್ಮ. ಉಡುಪಿ ಕಡೆಯವರು, ಎಪ್ಪತ್ತು ದಾಟಿದವರು. ನಾವು ಧಾರವಾಡದಿಂದ ಬಂದಿಳಿದ ದಿನ ಪತ್ರೊಡೆ ಕೊಟ್ಟು ಬರಮಾಡಿಕೊಂಡಿದ್ದ ಅದೇ ಕೈ ಈಗ ನನ್ನ ಮೂಗಿನ ಮುಂದೆ ಆಡುತ್ತಿತ್ತು: “ನನ್ನ ಹಾಲಿನ ಬಾಟ್ಲಿ ಕದ್ದದ್ದು ಇವನೇ! ಗುರುತುಂಟು ನನಗೆ!”

ಗುರುತು! ಮುಂಬಯಿಯಲ್ಲಿ ಹಾಲಿನ ಬಾಟಲಿಗೆ ಎಂಥ ಗುರುತು? ಬೆಳಿಗ್ಗೆ ಕಾರ್ಡು ಹಿಡಿದು ಹಾಲಿನ ಬೂತಿನ ಮುಂದೆ ಸಾಲು ನಿಲ್ಲಬೇಕು, ಖಾಲಿ ಬಾಟಲಿ ಕೊಟ್ಟು ತುಂಬಿದ್ದು ತರಬೇಕು. ಇವತ್ತು ನಮ್ಮ ಮನೆಯಲ್ಲಿದ್ದದ್ದು ನಾಳೆ ಕಾಂದಿವಲಿಯ ಯಾರದೋ ಅಡುಗೆಮನೆಯಲ್ಲಿ. ನಾನು ಆಫೀಸಿನಲ್ಲಿ ಹದಿನೈದು ವರ್ಷ ಫೈಲು ತಿದ್ದಿದವನು. ಈ ತರ್ಕವನ್ನೆಲ್ಲ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ಅವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಕಳ್ಳನಿಗೆ ಮಾತು ಜಾಸ್ತಿ” ಎಂದು ಬಾಗಿಲು ಹಾಕಿಕೊಂಡರು. ಬಾಟಲಿಗಳನ್ನು ಅಮ್ಮನೇ ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಾಳೆಂದು ಅವರ ಮಗ ಸದಾನಂದ ಆಮೇಲೆ ತಲೆತಗ್ಗಿಸಿ ಹೇಳಿದ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ; ಇದು ಅದಕ್ಕಿಂತಲೂ ಮುಂದೆ ಹೋದದ್ದು. ಹೆಂಡತಿಯನ್ನು ಕಳೆದುಕೊಂಡ ಅವನು ಜೋಗೇಶ್ವರಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಹಗಲೆಲ್ಲ ತಾಯಿಯನ್ನು ಕಾಯುವುದಾದರೂ ಹೇಗೆ?

ಚಾಳಿನವರಿಗೆ ಸಾಕಾಗಿತ್ತು. ಮುದುಕಿಯನ್ನು ಊರಿಗೆ ಕಳಿಸಬೇಕು, ಇಲ್ಲವೇ ಖೋಲಿ ಬಿಡಿಸಬೇಕು ಎಂದು ಮಾಲೀಕನಿಗೆ ಅರ್ಜಿ ಕೊಡುವುದೆಂದಾಯಿತು. ಬರೆಯುವವನು ಇಂಗ್ಲಿಷ್ ಬಲ್ಲ ನಾನೇ. ಎರಡು ದಿನ ಕೂತು ಬರೆದೆ. ಓದಿ ನಾನೇ ತಲೆದೂಗಿದೆ. ಊರಿನಲ್ಲಿ ಅವರಿಗೆ ಯಾರೂ ಇಲ್ಲವೆಂಬ ಒಂದು ಸಂಗತಿಯನ್ನು ಮಾತ್ರ ಅದರಲ್ಲಿ ಸೇರಿಸಲಿಲ್ಲ. ಎಲ್ಲರೂ ಸಹಿ ಹಾಕಿದರು. ನನ್ನದೊಂದು ಬಾಕಿ. ಸಹಿಯ ಜೊತೆಗೊಂದು ಪುರಾವೆಯೂ ಇರಲಿ ಎಂದು ಆ ಸಂಜೆ ನಮ್ಮ ಖಾಲಿ ಬಾಟಲಿಯ ಕತ್ತಿಗೆ ಕೆಂಪು ದಾರ ಕಟ್ಟಿದೆ. ಇನ್ನು ಯಾರದು ಯಾವುದು ಎಂಬ ತಕರಾರೇ ಬೇಡ!

ಮರುದಿನ ಬೂತಿನಿಂದ ಹಾಲು ತಂದು, ಚಹಾ ಕುಡಿದು, ಬಾಟಲಿ ನೋಡುತ್ತೇನೆ, ದಾರವಿಲ್ಲ! ಕಳ್ಳಿ ಸಿಕ್ಕಿಬಿದ್ದಳೆಂಬ ಹಿಗ್ಗಿನಲ್ಲಿ ಹೋಗಿ ಪಕ್ಕದ ಬಾಗಿಲು ಬಡಿದೆ.

“ಎಲ್ಲಿ ನನ್ನ ಕೆಂಪು ದಾರದ ಬಾಟ್ಲಿ? ಕದ್ದವರು ನೀವ!”

ಗ್ಯಾಲರಿಯೆಲ್ಲ ಸೇರಿತು. ಗದ್ದಲ ಕೇಳಿ ನನ್ನ ಹೆಂಡತಿ ಓಡಿ ಬಂದಳು.

“ಅಲ್ರೀ, ಆ ಬಾಟ್ಲಿ ಮುಂಜಾನೆ ನೀವ ಬೂತಿನ್ಯಾಗ ಕೊಟ್ಟು ಬ್ಯಾರೆ ತಂದೀರಲ್ಲ! ತಲಿ ಎಲ್ಲಿಟ್ಟೀರಿ?”

ಚಾಳಿಗೆ ಚಾಳೇ ನಕ್ಕಿತು. ನಗದವರು ಪದ್ಮಾವತಿಯಮ್ಮ ಒಬ್ಬರೇ. ಅವರು ನನ್ನನ್ನೊಮ್ಮೆ ನೋಡಿ, ನನ್ನ ಹೆಂಡತಿಯ ಕೈ ಹಿಡಿದುಕೊಂಡರು.

“ಬೈಬೇಡ ಮಗಾ. ಪ್ರಾಯ ಆದ ಮೇಲೆ ಹಾಗೇ. ಇಟ್ಟದ್ದು ನೆನಪಿರುವುದಿಲ್ಲ, ಯಾರೋ ಕದ್ದರು ಅನ್ನಿಸ್ತದೆ. ಪಾಪ, ಊರಿಗೆ ಮಾತ್ರ ಕಳಿಸ್ಬೇಡ ಆಯ್ತಾ? ಅಲ್ಲಿ ಇವರಿಗೆ ಯಾರಿದ್ದಾರೆ?”

ನನಗಾಗ ನಲವತ್ತೆರಡು. ನಗಬೇಕೆಂದುಕೊಂಡವನು ಸುಮ್ಮನೆ ಒಳಗೆ ಹೋದೆ. ಅಷ್ಟು ಚಂದದ ಇಂಗ್ಲಿಷನ್ನು ಆ ಹೊತ್ತೇ ಹರಿದು ಒಲೆಗೆ ಹಾಕಿದೆ. ಅರ್ಜಿ ಎಲ್ಲಿಟ್ಟೆನೋ ನೆನಪಾಗುತ್ತಿಲ್ಲ ಎಂದು ಚಾಳಿನವರಿಗೆ ಹೇಳಿದರೆ, ಒಬ್ಬರೂ ಮರುಪ್ರಶ್ನೆ ಹಾಕದೆ ನಂಬಿಬಿಟ್ಟರು. ಅಂದಿನಿಂದ ನನ್ನ ಹೆಂಡತಿ ಹಗಲು ಹೊತ್ತು ಪದ್ಮಾವತಿಯಮ್ಮನನ್ನು ನಮ್ಮ ಮನೆಯಲ್ಲೇ ಕೂಡಿಸಿಕೊಳ್ಳತೊಡಗಿದಳು. ಕರೆದರೆ ಅವರು ಇಲ್ಲವೆನ್ನುತ್ತಿರಲಿಲ್ಲ. ಅವರು ಬರುತ್ತಿದ್ದದ್ದು ನನ್ನನ್ನು ನೋಡಿಕೊಳ್ಳುವುದಕ್ಕೆ.