ಮೂರು ಸಲದ ಸರಾಸರಿ

ಒಂದೇ ಸಲ ಅಳೆದದ್ದನ್ನು ನಾನು ನಂಬುವವನಲ್ಲ. ಯಾವುದನ್ನಾದರೂ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ವಿಜ್ಞಾನದ ಪದವಿಯಿಂದ ನನಗೆ ದಕ್ಕಿದ ಸ್ಥಿರಾಸ್ತಿ ಇದೊಂದೇ. ಮನೆಯಲ್ಲಿ ಮಾತ್ರ ಅದಕ್ಕೆ ಕವಡೆ ಕಿಮ್ಮತ್ತಿಲ್ಲ.

ಮಗಳಿಗೆ ಲ್ಯಾಬ್ ಟೆಕ್ನಿಷಿಯನ್ ಡಿಗ್ರಿ ಓದುವ ಆಸೆ. ನನ್ನ ಬಳಿಯಿದ್ದ ಮಾಹಿತಿ ಪುಸ್ತಕದ ಪ್ರಕಾರ ಊರಿನಲ್ಲಿ ಮೂರು ಕಾಲೇಜು. ಅರ್ಜಿ ಹಾಕಬಹುದಾದದ್ದು ಒಂದಕ್ಕೆ ಮಾತ್ರ. ಎಡವಿದರೆ ವರ್ಷವೇ ದಂಡ. ಆ ಒಂದನ್ನು ಆರಿಸುವ ಗುರುತರ ಹೊಣೆ ನನ್ನ ಹೆಗಲೇರಿತು (ಯಾರೂ ಏರಿಸಿರಲಿಲ್ಲ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ).

ಗ್ರಾಫ್ ಹಾಳೆಯಲ್ಲಿ ಹದಿನಾಲ್ಕು ಕಲಂ ಎಳೆದೆ. ಬಸ್ಸಿನ ಪ್ರಯಾಣದ ಅವಧಿ, ಸೂಕ್ಷ್ಮದರ್ಶಕಗಳ ಸ್ಥಿತಿ, ಗದ್ದಲ, ಪ್ರಯೋಗಾಲಯದ ನಲ್ಲಿಯ ರಭಸ. ಈ ಕೊನೆಯದಕ್ಕಾಗಿ ಅಡಿಗೆಮನೆಯ ಅಳತೆ ಲೋಟವನ್ನೇ ಒಯ್ದು, ಅದು ತುಂಬಲು ಎಷ್ಟು ಸೆಕೆಂಡು ಎಂದು ಬರೆದುಕೊಂಡೆ. ಲೋಟ ಮನೆಗೆ ಮರಳುವವರೆಗೆ ಹೆಂಡತಿ ಕಣ್ಣಂದಾಜಿನಲ್ಲೇ ಅಡಿಗೆ ಮಾಡಿದಳು. ರುಚಿ ಎಂದಿನಂತೆಯೇ ಇತ್ತು ಎಂಬುದು ನನ್ನ ಸಿದ್ಧಾಂತಕ್ಕೆ ಬಿದ್ದ ಮೊದಲ ಏಟು.

"ಓದೋಳು ಅವಳು. ಒಂದ್ಸಲ ಅವಳನ್ನ ಕೇಳಬಾರದಾ?" ಎಂದಳು.

"ಅವಳಿಗೇನು ಗೊತ್ತಾಗುತ್ತೆ ಕಣೆ. ಅಂಕಿ ಅಂಶ ಮಾತಾಡ್ಲಿ."

"ಅದಕ್ಕಾದ್ರೂ ಮಾತಾಡೋಕೆ ಬಿಡ್ತೀರಲ್ಲ, ಪುಣ್ಯ."

ಅರ್ಜಿಯ ಕೊನೆಯ ದಿನದ ಹಿಂದಿನ ಸಂಜೆ ಫಲಿತಾಂಶ ಘೋಷಿಸಿದೆ. ದಿಬ್ಬದ ಮೇಲಿನ ಕಾಲೇಜಿಗೆ ನೂರಕ್ಕೆ ತೊಂಬತ್ತೊಂದು. ಬಸ್ಸಿನಲ್ಲಿ ಹದಿನೆಂಟೇ ನಿಮಿಷ. ಪ್ರಯೋಗಾಲಯದಲ್ಲಿ ನರಪಿಳ್ಳೆಯ ಸದ್ದಿಲ್ಲ. ಸೂಕ್ಷ್ಮದರ್ಶಕಗಳ ಮೇಲೆ ಒಂದು ಗೀರಿಲ್ಲ. ಪೇಟೆ ಬೀದಿಯ ಕಾಲೇಜಿಗೆ ಗದ್ದಲದ ಕಲಮಿನಲ್ಲಿ ಸೊನ್ನೆ: ರಜೆಯಲ್ಲೂ ವಿದ್ಯಾರ್ಥಿಗಳು ಸವೆದುಹೋದ ಸೂಕ್ಷ್ಮದರ್ಶಕಗಳಿಗಾಗಿ ಜಗಳವಾಡುತ್ತಿದ್ದರು.

ಮಗಳು ಹಾಳೆಯನ್ನು ನಿಧಾನವಾಗಿ ಓದಿ, ತಾರೀಖುಗಳ ಮೇಲೆ ಬೆರಳಿಟ್ಟಳು.

"ಅಪ್ಪಾ, ಮೂರು ಸಲಾನೂ ಭಾನುವಾರವೇ ಹೋಗಿದ್ರಾ?"

"ಬೇರೆ ದಿನ ನನಗೆಲ್ಲಿ ರಜ?"

"ದಿಬ್ಬದ ಕಾಲೇಜಲ್ಲಿ ಸೋಮವಾರಾನೂ ಹಾಗೇ ಇರುತ್ತಪ್ಪ. ಈ ಕೋರ್ಸ್ ನಿಲ್ಲಿಸಿ ಎರಡು ವರ್ಷ ಆಯ್ತು."

ಅಲ್ಲಿಯ ಕಾವಲುಗಾರ ಅಷ್ಟು ಅಕ್ಕರೆಯಿಂದ ಪ್ರಯೋಗಾಲಯದ ಬೀಗ ತೆಗೆದು, ಪ್ರತಿ ಸಲವೂ ಇನ್ನೊಂದು ಗಳಿಗೆ ಕೂತು ಹೋಗಿ ಎಂದದ್ದು ಏಕೆಂದು ಆಗ ಹೊಳೆಯಿತು.

ಆಮೇಲೆ ಉಳಿದದ್ದು ಹೊರಬಿತ್ತು. ಮಗಳು ಹಿಂದಿನ ವಾರವೇ ನಮ್ಮ ಬೀದಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅರ್ಧ ದಿನ ಕೂತು, ಅಲ್ಲಿಯ ಅಕ್ಕ ಕೆಲಸ ಮಾಡುವುದನ್ನು ನೋಡಿ, ನೀವು ಓದಿದ್ದೆಲ್ಲಿ ಎಂದು ಕೇಳಿದ್ದಳು. ಪೇಟೆ ಬೀದಿಯ ಕಾಲೇಜಿನಲ್ಲಿ ಎಂದಿದ್ದಳಂತೆ ಅವಳು. ಮಾರನೆಯ ದಿನವೇ ತಾಯಿ ಮಗಳು ಹೋಗಿ ಅರ್ಜಿ ಹಾಕಿ ಬಂದಿದ್ದರು. ನನ್ನ ಉತ್ಸಾಹ ಕೆಡಿಸಬಾರದೆಂದು ಬಾಯಿ ಬಿಟ್ಟಿರಲಿಲ್ಲವಂತೆ.

ಸೀಟು ಸಿಕ್ಕಿತು. ಕೆಲವು ತಿಂಗಳ ನಂತರ, ರಕ್ತ ತೆಗೆಯುವ ಅಭ್ಯಾಸಕ್ಕೆ ಮನೆಯವರೊಬ್ಬರನ್ನು ಕರೆತನ್ನಿ ಎಂದು ಕಾಲೇಜಿನವರು ಹೇಳಿದರು. ಯಾರೆಂದು ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಪಕ್ಕದಲ್ಲೇ ನಿಂತಿದ್ದರು. ಮೊದಲ ಚುಚ್ಚಿಗೆ ನರ ಸಿಗಲಿಲ್ಲ. ಎರಡನೆಯದಕ್ಕೆ ಜಾರಿತು. ಮಗಳ ಕಣ್ಣು ತುಂಬಿತು. ನಾನು ಇನ್ನೊಂದು ತೋಳು ಚಾಚಿದೆ.

"ಹೆದರಬೇಡ ಮಗಳೇ," ಎಂದಳು ಜೊತೆಗೆ ಬಂದಿದ್ದ ಹೆಂಡತಿ. "ಮೂರು ಸಲ ಆಗದೆ ನಿಮ್ಮಪ್ಪ ಯಾವುದನ್ನೂ ಒಪ್ಪೋದಿಲ್ಲ."

ಮೂರನೆಯದಕ್ಕೆ ರಕ್ತ ಸರಾಗವಾಗಿ ಬಂತು. ಮಗಳು ನಕ್ಕಳು.

"ತುಂಬಾ ನೋವಾಯ್ತಾ ಸರ್?" ಎಂದರು ಮೇಡಂ.

ಮನಸ್ಸಿನಲ್ಲೇ ಸರಾಸರಿ ತೆಗೆದು, ಅಷ್ಟೇನಿಲ್ಲ ಎಂದೆ.